ಇನ್ನೊಂದು ಹಿಮ್ಮಡಿ

ರಕ್ತದ ಮೂರನೇ ಹನಿ ಪರೀಕ್ಷೆಯ ಕಾರ್ಡಿನ ಮೇಲೆ ಬಿದ್ದದ್ದೇ ತಡ, ಅತ್ತೆ ಟ್ರೇಯಲ್ಲಿದ್ದ ಹತ್ತಿಯುಂಡೆ ಎತ್ತಿಕೊಂಡು ಮಗುವಿನ ಹಿಮ್ಮಡಿಗೆ ಒತ್ತಿಬಿಟ್ಟರು. ಅವರ ತೋಳು ತಗುಲಿ ಕಾರ್ಡಿನ ಮೇಲಿನ ಹಸಿ ರಕ್ತ ಉದ್ದಕ್ಕೂ ಎಳೆದುಕೊಂಡಿತು.

"ಅಯ್ಯೋ ಅಜ್ಜಿ, ಐದೂ ವೃತ್ತ ತುಂಬಬೇಕಿತ್ತು," ಎಂದಳು ನರ್ಸ್. "ಈ ಕಾರ್ಡು ಇನ್ನು ಕೆಲಸಕ್ಕೆ ಬರಲ್ಲ."

"ಐದು ಬೊಟ್ಟು ಇಟ್ಕೊಳ್ಳೋಕೆ ಇವನೇನು ಬಣ್ಣದ ಡಬ್ಬಿನಾ? ಮೂರಕ್ಕೇ ಉಸಿರು ಕಟ್ಟೋ ಹಾಗೆ ಅತ್ತ ನನ್ನ ಗುಂಡಣ್ಣ."

"ಮೊದಲು ಸೋಪು ಹಾಕಿ ಕೈ ತೊಳ್ಕೊಳ್ಳಿ."

ಅತ್ತೆ ಮೂಲೆಯ ಸಿಂಕಿನ ಕಡೆ ಹೋದರು. ಮಗುವನ್ನು ತೊಡೆಯ ಮೇಲಿಟ್ಟುಕೊಂಡಿದ್ದ ಸೊಸೆಯ ಕಣ್ಣು ಅವರ ಬೆರಳುಗಳ ಮೇಲೇ ಇತ್ತು. ಎಲ್ಲೂ ಗಾಯವಿಲ್ಲ, ಸದ್ಯ. ಕಾಮಾಲೆ ಪರೀಕ್ಷೆ, ಒಬ್ಬಳೇ ಹೋಗಿ ಬರುತ್ತೇನೆ ಎಂದು ಅವಳು ಸುಳ್ಳು ಹೇಳಿದರೂ ಅತ್ತೆ ಕೇಳದೆ ಚಪ್ಪಲಿ ಮೆಟ್ಟಿ ಹೊರಟುಬಂದಿದ್ದರು. ತನ್ನ ಮೈಯಲ್ಲಿರುವ ಎಚ್‌ಐವಿ ಮಗುವಿಗೂ ದಾಟಿದೆಯೇ ಎಂದು ನೋಡಲು ಈ ಪರೀಕ್ಷೆ ಎಂಬುದು ಅವಳಿಗೆ, ಅವಳ ಗಂಡನಿಗೆ, ಈ ನರ್ಸಿಗೆ ಬಿಟ್ಟರೆ ಇನ್ಯಾರಿಗೂ ಗೊತ್ತಿಲ್ಲವೆಂದು ಅವಳು ನಂಬಿದ್ದಳು.

ನೀರಿನ ಸದ್ದಿನ ಮರೆಯಲ್ಲಿ ನರ್ಸ್ ಅವಳ ಹತ್ತಿರ ಬಾಗಿದಳು. "ಇನ್ನೊಂದು ಕಾಲಲ್ಲಿ ತೆಗೀಲಾ?"

"ಬೇಡ ಸಿಸ್ಟರ್, ಇವತ್ತಿಗೆ ಸಾಕು. ಮುಂದಿನ ಸಲ ಲಸಿಕೆಗೆ ಬಂದಾಗ ನೋಡೋಣ."

"ತಡ ಮಾಡಬಾರದು ಕಣಮ್ಮ. ಮಾಮೂಲಿ ಪರೀಕ್ಷೆ ಮಾಡಿದರೆ, ಅವನಿಗೆ ಸೋಂಕು ಇಲ್ಲದಿದ್ದರೂ ನಿನ್ನಿಂದ ಬಂದ ಗುರುತೇ ಅವನ ರಕ್ತದಲ್ಲೂ ಕಾಣುತ್ತೆ. ಅವನದ್ದೇನು ಅಂತ ತಿಳಿಯೋದು ಇದರಲ್ಲೇ. ಅಕಸ್ಮಾತ್ ಇದ್ದರೆ ಈಗಲೇ ಔಷಧಿ ಶುರು ಮಾಡಬೇಕು. ಎಳೇ ಮೈ, ತಡ ತಡೆಯಲ್ಲ."

ಸೊಸೆ ಮಗುವಿಗೆ ಟೋಪಿ ಹಾಕತೊಡಗಿದಳು. ಗೊತ್ತಾಗುವ ತನಕ ಅವನು ಚೆನ್ನಾಗಿರುವ ಮಗುವೇ. ಹಾಲು ಕುಡಿಯುತ್ತಾನೆ, ನಿದ್ದೆಯಲ್ಲಿ ನಗುತ್ತಾನೆ. ಅತ್ತೆ ತಾವಾಗಿಯೇ ಒಂದು ನೆಪ ಕೈಗಿಟ್ಟಿದ್ದರು. ಅದನ್ನು ಬಿಟ್ಟುಕೊಡಲು ಅವಳಿಗೆ ಮನಸ್ಸಿರಲಿಲ್ಲ.

"ನಡೀರಿ ಅತ್ತೆ, ಹೋಗೋಣ."

ಅತ್ತೆ ಕೈ ಒರೆಸಿಕೊಳ್ಳುತ್ತ ಬಂದು, ಎದ್ದು ನಿಂತವಳ ಭುಜ ಒತ್ತಿ ಕೂರಿಸಿದರು.

"ಎಲ್ಲಿಗೆ? ಕಾಮಾಲೆ ಅಂತೆ ಕಾಮಾಲೆ. ಟೊಮೆಟೊ ಹಣ್ಣಿನ ಹಾಗಿದಾನೆ ಹುಡುಗ."

ಸೊಸೆ ಮಗುವಿನ ಟೋಪಿಯ ದಾರ ಕಟ್ಟತೊಡಗಿದಳು.

"ತಲೆಕೂದಲು ಕಪ್ಪಿದ್ದಾಗಿಂದ ಊರವರ ಬಟ್ಟೆಗೆ ಇಸ್ತ್ರಿ ಹಾಕ್ತಿದೀನಿ," ಎಂದರು ಅತ್ತೆ. "ಜೇಬು ತಡವದೆ ಒಂದು ಅಂಗೀನೂ ಮೇಜಿನ ಮೇಲೆ ಹಾಸಿದೋಳಲ್ಲ. ನನ್ನ ಮಗನ ಅಂಗಿ ಬಿಡ್ತೀನಾ? ನಿಮ್ಮ ಮದುವೆ ಆದ ವರ್ಷವೇ ಮಾತ್ರೆ ಸಿಕ್ತು. ಔಷಧಿ ಅಂಗಡಿಯೋನ್ನ ಕೇಳಿದೆ, ಯಾವ ಕಾಯಿಲೇದು ಅಂತ ಹೇಳಿದ. ಮನೆಗೆ ಬಂದು ಕೂತು ಅತ್ತುಬಿಟ್ಟೆ. ಆಮೇಲೆ ಅಂಗಿಗೆ ಇಸ್ತ್ರಿ ಹಾಕಿ, ಮಾತ್ರೇನ ಇದ್ದ ಜೇಬಿಗೇ ಇಟ್ಟೆ. ಅವತ್ತಿಂದ ಹಾಗೇ ಇಡ್ತಾ ಬಂದಿದೀನಿ."

"ಕೇಳಬಹುದಿತ್ತಲ್ಲ ಅತ್ತೆ..." ಎಂದಳು ಸೊಸೆ.

"ನೀವೇ ಹೇಳ್ತೀರ ಅಂತ ಕಾದೆ. ನೀವು ನನ್ನ ಎದೆ ಒಡೆದೀತು ಅಂತ ಹೆದರಿ ಕಾದ್ರಿ. ಒಳ್ಳೇ ಜೋಡಿ. ಅದಿರಲಿ, ಇವತ್ತು ಕೆಡಿಸಿದ್ದು ನಾನು. ಇವನು ಕಿರುಚಿದ್ದು ಕೇಳಿ ಕೈ ತಡೀಲಿಲ್ಲ. ಇನ್ನೊಂದು ಕಾಲು ಇದೆಯಲ್ಲ, ಕೊಡು ಇಲ್ಲಿ."

ಕಾಲು ತಣ್ಣಗಿತ್ತು. ಬೆಚ್ಚಗಾದರೆ ರಕ್ತ ಸರಾಗವಾಗಿ ಬರುತ್ತದೆ ಎಂದಳು ನರ್ಸ್. ಅತ್ತೆ ಆ ಪುಟ್ಟ ಪಾದವನ್ನು ಎರಡೂ ಅಂಗೈಗಳ ನಡುವೆ ಮುಚ್ಚಿಕೊಂಡು ಕೂತರು. ಮಗು ಬಿಕ್ಕುವುದನ್ನು ನಿಲ್ಲಿಸಿ ಅವರ ಕನ್ನಡಕವನ್ನೇ ನೋಡತೊಡಗಿತು. ಸೊಸೆ ಹಾಕಿದ್ದ ಟೋಪಿಯನ್ನು ತಾನೇ ತೆಗೆದಳು. "ತೆಗೀರಿ ಸಿಸ್ಟರ್."

ಸೂಜಿ ತಾಗಿದಾಗ ಮಗುವಿಗಿಂತ ಮೊದಲು ಅಜ್ಜಿ ಕಣ್ಣು ಮುಚ್ಚಿದರು. ಹಿಡಿದ ಕೈ ಮಾತ್ರ ಅಲುಗಲಿಲ್ಲ. ಐದೂ ವೃತ್ತ ತುಂಬಿದವು.

ಕಾರ್ಡನ್ನು ಒಣಗಲು ಸ್ಟ್ಯಾಂಡಿಗೆ ಸಿಕ್ಕಿಸಿ ನರ್ಸ್ ಸೊಸೆಯತ್ತ ತಿರುಗಿದಳು. "ಫಲಿತಾಂಶ ಬಂದಾಗ ನಿನ್ನ ಫೋನಿಗೇ ಮಾಡಲಾ?"

"ಇವಳಿಗೆ ಮಾಡಿದರೆ ಬಚ್ಚಲುಮನೆ ಚಿಲಕ ಹಾಕ್ಕೊಂಡು ಒಬ್ಬಳೇ ಕೇಳಿಸ್ಕೋತಾಳೆ," ಎಂದರು ಅತ್ತೆ. "ನನ್ನ ನಂಬರು ಬರ್ಕೊಳ್ಳಿ."

ನರ್ಸ್ ತಾಯಿಯ ಮುಖ ನೋಡಿದಳು. ಅವಳು ಕಣ್ಣೊರೆಸಿಕೊಂಡು ಹೂಂ ಎಂದು ತಲೆಯಾಡಿಸಿದಳು.

"ಆದರೆ ಒಂದು ವಿಷಯ ಮೊದಲೇ ಹೇಳ್ಬಿಡ್ತೀನಿ," ಎಂದರು ಅತ್ತೆ, ಮೊಮ್ಮಗನನ್ನು ಹೆಗಲಿಗೆ ಏರಿಸಿಕೊಳ್ಳುತ್ತ. "ನನಗೆ ಕಿವಿ ಮಂದ. ಸ್ಪೀಕರ್ ಹಾಕಿ ಮನೆ ನಡುವೆ ನಿಂತೇ ಮಾತಾಡೋದು."