ಯಾರ ಸಹಾಯವೂ ಇಲ್ಲದೆ

ಪ್ರಿಂಟರ್ ಮತ್ತೊಮ್ಮೆ ಮಿಣಮಿಣ ಕಣ್ಣು ಮಿಟುಕಿಸಿ ಸುಮ್ಮನಾಯಿತು. ಗಡಿಯಾರ ರಿಪೇರಿಯ ಯಜಮಾನರು ಕನ್ನಡಕವನ್ನು ಹಣೆಗೇರಿಸಿ ಅದನ್ನೇ ದುರುಗುಟ್ಟಿಕೊಂಡು ನೋಡಿದರು. ಬೆಳಗ್ಗೆ ಇಂಟರ್ನೆಟ್ಟಿನವರು ಹಳೆಯ ವೈಫೈ ಡಬ್ಬ ಕಿತ್ತು ಹೊಸದು ಕೂರಿಸಿ ಹೋದಾಗಿನಿಂದ ಈ ಪ್ರಿಂಟರಿಗೆ ಮನೆಯವರ ಗುರುತೇ ಸಿಗದಂತಾಗಿತ್ತು.

“ಐದು ಗಂಟೆಗೆ ಟ್ಯೂಷನ್ ಮಕ್ಕಳು ಬರ್ತಾರೆ. ಇವತ್ತು ಪರೀಕ್ಷೆ ಇಟ್ಟಿದ್ದೀನಿ, ಪ್ರಶ್ನೆಪತ್ರಿಕೆ ತೆಗೀಬೇಕು,” ಎಂದಳು ಹೆಂಡತಿ. “ನನ್ನ ತಮ್ಮನನ್ನ ಕರೀಲಾ? ಪಕ್ಕದ ಬೀದೀಲೇ ಇದ್ದಾನೆ.”

“ಅವನೊಬ್ಬ ಬೇಡ.”

ಬೇಡ ಎನ್ನುವುದಕ್ಕೆ ಕಾರಣವಿತ್ತು. ಹಿಂದೊಮ್ಮೆ ಟೀವಿಯ ಶಬ್ದ ಹೋದಾಗ ಈ ಭಾವಮೈದುನ ಬಂದು ಒಂದೇ ಒಂದು ಗುಂಡಿ ಒತ್ತಿದ್ದ. ಆಮೇಲೆ ನೆಂಟರ ಮನೆಯ ಯಾವ ಸಮಾರಂಭವೂ ಅವನು ಹೇಳುವ ಆ ಕಥೆಯಿಲ್ಲದೆ ಮುಗಿದದ್ದಿಲ್ಲ. ಕೂದಲೆಳೆಯಂಥ ಸ್ಪ್ರಿಂಗನ್ನು ಉಸಿರು ಬಿಗಿಹಿಡಿದು ಕೂರಿಸುವ ಕೈ ತಮ್ಮದು, ಅದು ಒಂದು ಡಬ್ಬಕ್ಕೆ ಸೋಲುವುದೇ? ಯಜಮಾನರು ಡಬ್ಬವನ್ನು ತಂದು ಪ್ರಿಂಟರಿನ ತಲೆಯ ಮೇಲೇ ಇಟ್ಟರು. ಹತ್ತಿರವಿದ್ದರೆ ತಾನಾಗಿ ಹೊಂದಿಕೊಳ್ಳುತ್ತವೆ ಎಂಬುದು ಅವರ ಲೆಕ್ಕ. ಕಂಪ್ಯೂಟರಿನಲ್ಲಿ ದಪ್ಪಕ್ಷರದ ಒಂದು ಸಾಲು ಬರೆದು ಬರುತ್ತದೋ ನೋಡಲು ಪ್ರಿಂಟರಿಗೆ ಕಳಿಸಿದರು. ಏನೂ ಬರಲಿಲ್ಲ. ಅದನ್ನೇ ಮತ್ತೊಮ್ಮೆ ಒತ್ತಿದರು, ರೇಗಿ ಬೇರೆ ಬೇರೆ ಸಾಲು ಬರೆದು ಅವನ್ನೂ ಎರಡೆರಡು ಸಲ ಒತ್ತಿದರು. ಸಾಲು ಬದಲಾಗುತ್ತ ಹೋಯಿತೇ ಹೊರತು ಪ್ರಿಂಟರ್ ಜಪ್ಪಯ್ಯ ಎನ್ನಲಿಲ್ಲ. ಬಾರದ ಸಾಲುಗಳು ಅಲ್ಲಿಗೇ ಅಳಿಸಿಹೋದವು ಎಂದುಕೊಂಡರು.

ಗಡಿಯಾರದ ಮುಳ್ಳು ಐದರ ಹತ್ತಿರ ಬಂದಾಗ, “ಹೋಗ್ಲಿ, ಕರಿ ಅವನನ್ನ,” ಎಂದರು.

ಭಾವಮೈದುನ ಬಂದ. ಡಬ್ಬವನ್ನು ಪ್ರಿಂಟರಿನ ತಲೆಯಿಂದ ಇಳಿಸಿ ಪಕ್ಕಕ್ಕಿಟ್ಟ.

“ಭಾವ, ಹೊಸ ಡಬ್ಬದಲ್ಲಿ ಎರಡು ವೈಫೈ ಹೆಸರು ಬರತ್ತೆ. ಒಂದು ವೇಗದ್ದು, ಒಂದು ನಿಧಾನದ್ದು. ನೀವು ವೇಗದ್ದು ಹಾಕಿದ್ದೀರಿ. ಈ ಪ್ರಿಂಟರಿಗೆ ನಿಧಾನದ್ದೇ ಆಗೋದು.”

“ನಿಧಾನದ್ದು ಯಾರಿಗೆ ಬೇಕು ಅಂತ ಬಿಟ್ಟೆ,” ಎಂದು ಯಜಮಾನರು ಗೊಣಗಿದರು.

ಭಾವಮೈದುನ ನಿಧಾನದ್ದರ ಪಾಸ್‌ವರ್ಡ್ ಹಾಕಿದ್ದೇ ತಡ, ಪ್ರಿಂಟರ್ ಗೊರಗೊರ ಸದ್ದು ಮಾಡಿ ತಾನಾಗಿಯೇ ಒಂದು ಹಾಳೆ ಹೊರಗೆ ತಳ್ಳಿತು. ಅದರಲ್ಲಿ ದಪ್ಪಕ್ಷರದಲ್ಲಿ, “ಇದು ಯಾರ ಸಹಾಯವೂ ಇಲ್ಲದೆ ಬಂದದ್ದು” ಎಂದಿತ್ತು. ಭಾವಮೈದುನ ಓದಿ ಭಾವನ ಮುಖ ನೋಡಿದ. ಕಳಿಸಿದ್ದೆಲ್ಲ ಒಳಗೇ ಸಾಲುಗಟ್ಟಿ ಕಾಯುತ್ತಿತ್ತೆಂದು ಯಜಮಾನರಿಗೆ ಆಗ ಹೊಳೆಯಿತು. ಹಿಂದೆಯೇ ಅದೇ ಸಾಲು ಮತ್ತೊಂದು ಹಾಳೆಯಲ್ಲಿ. ಆಮೇಲೆ “ಈಗ ಬಾ ನೋಡೋಣ.” ಆಮೇಲೆ “ಬಾರೋ ಕತ್ತೆ.” ಯಜಮಾನರು ಕೈ ಅಡ್ಡ ಹಿಡಿದರೂ ಕೊನೆಯದು ಬೆರಳ ಸಂದಿಯಲ್ಲೇ ನುಸುಳಿತು: “ಅವನನ್ನು ಕರೆದರೆ ವರ್ಷವಿಡೀ ಊರೆಲ್ಲ ಹೇಳಿಕೊಂಡು ಬರುತ್ತಾನೆ.”

“ವರ್ಷ ಅಂತ ಯಾಕೆ ಕಮ್ಮಿ ಬರೆದ್ರಿ ಭಾವ?”

ಯಜಮಾನರು ನಾಚಿಕೆಯಿಂದ ಹಿಡಿಯಷ್ಟಾದರು. ಬಾಗಿಲಲ್ಲಿ ಮಕ್ಕಳ ಗಲಾಟೆ ಕೇಳಿಸಿತು. ಹೆಂಡತಿ ಅವಸರದಲ್ಲಿ ಪ್ರಶ್ನೆಪತ್ರಿಕೆ ಕಳಿಸಿದಳು. ಪ್ರಿಂಟರಿನ ಕೆಂಪು ದೀಪ ಹತ್ತಿತು. ಹಾಳೆ ಮುಗಿದಿತ್ತು.

“ಅಂಗಡಿಗೆ ಹೋಗಿ ಒಂದು ಕಟ್ಟು ತಂದುಬಿಡ್ತೀನಿ,” ಎಂದು ಯಜಮಾನರು ಹಾಳೆಗಳನ್ನೆಲ್ಲ ಬಾಚಿಕೊಂಡು ಎದ್ದರು.

“ಎಲ್ಲಿಗೂ ಬೇಡ. ಹಿಂದುಗಡೆ ಖಾಲಿ ಇದೆಯಲ್ಲ,” ಎಂದು ಅವಳು ಅವರ ಕೈಯಿಂದ ಹಾಳೆಗಳನ್ನು ಕಿತ್ತು, ಬಡಿದು ಅಂಚು ಸರಿಮಾಡಿ, ಮಗುಚಿ ಪ್ರಿಂಟರಿಗೆ ತುಂಬಿದಳು.

ಪ್ರಶ್ನೆಪತ್ರಿಕೆಗಳು ಒಂದೊಂದಾಗಿ ಬರತೊಡಗಿದವು. ಭಾವಮೈದುನ ಕುರ್ಚಿ ಎಳೆದುಕೊಂಡು ಆರಾಮವಾಗಿ ಕೂತ.

“ಇನ್ನು ನನಗೇನೂ ಕೆಲಸ ಇಲ್ಲ ಬಿಡಿ ಭಾವ. ಮನೆಮನೆಗೂ ಮಕ್ಕಳೇ ಮುಟ್ಟಿಸ್ತಾರೆ.”