ಕಣಿವೆಯಾಚೆಯ ಕೊಂಡಿ

"ಕಳ್ಳ ಸಿಕ್ಕ," ಎನ್ನುತ್ತ ನರ್ಸೀಸ್ ಲ್ಯಾಪ್‌ಟಾಪನ್ನು ಕೊಲೋಮಾಳ ಅಡುಗೆಮನೆಯ ಮೇಜಿನ ಮೇಲಿಟ್ಟ. "ನಿಮ್ಮ ಮನೇಲೇ ಇದಾನೆ."

ಕೊಲೋಮಾ ಬ್ರೆಡ್ಡಿಗೆ ಟೊಮ್ಯಾಟೊ ಉಜ್ಜುತ್ತಿದ್ದಳು. "ಐವತ್ತೆರಡು ವರ್ಷಕ್ಕೆ ಒಬ್ಬ ಗಂಡಸಾದ್ರೂ ಸಿಕ್ಕಿದನಲ್ಲ! ಊಟಕ್ಕೆ ಕೂರ್ಸು."

ಸ್ಪೇನಿನ ಕತಲೋನಿಯಾದ ಆ ಬೆಟ್ಟದೂರಿನ ಇಂಟರ್ನೆಟ್ ಯಾವ ಕಂಪನಿಯದೂ ಅಲ್ಲ. ಒಂದು ಮಾಳಿಗೆಯ ಆಂಟೆನಾದಿಂದ ಪಕ್ಕದ ಮಾಳಿಗೆಗೆ, ಅಲ್ಲಿಂದ ಅದರಾಚೆಗೆ, ಹೀಗೆ ಮನೆಯಿಂದ ಮನೆಗೆ ದಾಟಿಸಿಕೊಳ್ಳುತ್ತಿದ್ದರು. ಈ ಚಳಿಗಾಲದಿಂದ ಸಂಜೆಯಾದರೆ ಎಲ್ಲರದೂ ಎಮ್ಮೆ ನಡಿಗೆ. ಇಡೀ ದಿನದ ಸರಾಸರಿ ತೆಗೆದರೆ ಎಲ್ಲ ಸರಿಯಾಗಿಯೇ ಕಾಣುತ್ತಿತ್ತು. ಕೊನೆಗೆ ಟ್ರ್ಯಾಕ್ಟರ್ ಮೆಕ್ಯಾನಿಕ್ ನರ್ಸೀಸ್, ಪ್ರತಿ ಮನೆಯ ಆಂಟೆನಾದ ಪೆಟ್ಟಿಗೆಯೂ ಎರಡು ವಾರ ತನ್ನ ದಿನಚರಿ ತಾನೇ ಬರೆದಿಡುವಂತೆ ಮಾಡಿದ್ದ. ಏನು ಕಳಿಸಿತು ಎಂಬುದು ಬೇಡ. ಯಾರಿಗೆ ಕಳಿಸಿತು, ಎಷ್ಟು ಹೊತ್ತು ಹಿಡಿಯಿತು, ಎಷ್ಟು ಸಲ ಮತ್ತೆ ಕಳಿಸಬೇಕಾಯಿತು, ಅಷ್ಟು ಸಾಕು.

"ನೋಡಿ, ನಿಮ್ಮ ಆಂಟೆನಾ ಕಣಿವೆಯಾಚೆ ಮನೆ ಜೊತೆ ಮಾತಾಡೋಕೆ ಹೋಗುತ್ತೆ. ದೂರ, ಸರಿಯಾಗಿ ಕೇಳ್ಸಲ್ಲ. ಒಂದೇ ಮಾತನ್ನ ಹತ್ತು ಸಲ, ನಿಧಾನಕ್ಕೆ ಹೇಳುತ್ತೆ. ಅಲ್ಲೀವರೆಗೂ ಮಿಕ್ಕವರೆಲ್ಲ ಬಾಯಿ ಮುಚ್ಕೊಂಡು ಕಾಯ್ಬೇಕು. ಆ ಕೊಂಡಿ ಕಿತ್ರೆ ಊರೇ ಓಡುತ್ತೆ."

ಆಚೆಯ ಮನೆ ಬಲ್ದೀರಿಯದು. ಅವನು ಆ ಮನೆಯ ಹಿರಿಯ ಮಗ, ಇವಳು ಈ ಮನೆಗೆ ಒಬ್ಬಳೇ ಮಗಳು. ಆ ಸೀಮೆಯಲ್ಲಿ ಮನೆಯ ವಾರಸುದಾರರು ಮನೆ ಬಿಟ್ಟು ಹೋಗುವುದಿಲ್ಲ. "ನೀನು ಬಾ" ಎಂದು ಅವನು, "ನೀನೇ ಬಾ" ಎಂದು ಇವಳು. ಅಷ್ಟರಲ್ಲೇ ಮದುವೆ ನಿಂತಿತು. ಮಾತು ಬಿಟ್ಟು ಹನ್ನೊಂದು ವರ್ಷ.

"ಕಿತ್ರೆ ಅವನಿಗೆ ಇಂಟರ್ನೆಟ್ ಹೋಗುತ್ತಾ?" ಕೊಲೋಮಾ ಬ್ರೆಡ್ಡಿನಿಂದ ಕಣ್ಣೆತ್ತದೆ ಕೇಳಿದಳು.

"ಇಲ್ಲಪ್ಪ, ಚರ್ಚಿನ ಗೋಪುರದಿಂದ ಸಿಗುತ್ತೆ. ಇದಕ್ಕಿಂತ ಜೋರಾಗೇ ಬರುತ್ತೆ."

"ಹಾಗಾದ್ರೆ ಆ ದಡ್ಡ ಪೆಟ್ಟಿಗೆ ಗೋಪುರ ಬಿಟ್ಟು ನನ್ನ ಮಾಳಿಗೆಗೆ ಯಾಕೆ ಜೋತುಬಿದ್ದಿದೆ?"

ನರ್ಸೀಸ್ ತಲೆ ಕೆರೆದುಕೊಂಡ. "ಪೆಟ್ಟಿಗೆ ದಡ್ಡ ಅಲ್ಲ. ಅವರ ಮನೆ ದಿನಚರೀನೂ ನೋಡ್ದೆ. ಅದು ದಿನಾ ತಾನಾಗೇ ಗೋಪುರಕ್ಕೆ ಹೋಗುತ್ತೆ. ಸಂಜೆ ಯಾರೋ ಕೂತು, ಕೈಯಾರೆ ಅದನ್ನ ಬಿಡಿಸಿ ಮತ್ತೆ ನಿಮ್ಮನೆಗೆ ಕಟ್ತಾರೆ. ಹದಿನಾಲ್ಕು ದಿನ, ಹದಿನಾಲ್ಕು ಸಲ."

"ಯಾರೋ ಏನು? ಆ ಮನೇಲಿರೋದು ಅವನೊಬ್ನೇ."

ಅವಳ ಕೈಯ ಅರ್ಧ ಟೊಮ್ಯಾಟೊ ಉಜ್ಜಿ ಉಜ್ಜಿ ಬರೀ ಸಿಪ್ಪೆಯಾಗಿತ್ತು. ಆದರೂ ಉಜ್ಜುತ್ತಲೇ ಇದ್ದಳು.

"ಕೊಲೋಮಾ, ಇದನ್ನ ಹೀಗೇ ಬಿಡ್ತೀನಿ," ಎಂದ ನರ್ಸೀಸ್ ಮೆಲ್ಲಗೆ. "ಊರಿನವರಿಗೆ ಏನೋ ಒಂದು ಹೇಳಿದ್ರಾಯ್ತು."

"ಬೇಡ, ಕಿತ್ಹಾಕು. ಅವನು ಎಷ್ಟು ಸಲ ಕಟ್ಟಿದ್ರೂ ಕೂಡ್ಕೋಬಾರ್ದು, ಹಾಗೆ ನನ್ನ ಕಡೆಯಿಂದ ಬೀಗ ಹಾಕು."

"ಅಷ್ಟೊಂದು ಸಿಟ್ಟಾ? ಪಾಪ, ಸಂಜೆ ಕೂತ್ಕೊಂಡು ಒದ್ದಾಡ್ತಾರೆ."

"ಒದ್ದಾಡ್ಲಿ," ಎಂದಳು ಕೊಲೋಮಾ. ಏಪ್ರನ್ನಿನ ತುದಿಯಿಂದ ಕಣ್ಣೊರೆಸಿಕೊಂಡಳು. "ಯಾಕೆ ಹೀಗಾಯ್ತು ಅಂತ ಕೇಳೋಕಾದ್ರೂ ಕಣಿವೆ ಇಳೀಲಿ."