ಅಳಿಸಲೊಲ್ಲದ ಪಂಚಮಿ

ಮೂರನೇ ಸಲವೂ ಫೈಲ್ ಡಿಲೀಟ್ ಆಗಲಿಲ್ಲ. ಶಿವಕಿರಣ ಕುರ್ಚಿ ಹಿಂದಕ್ಕೆ ತಳ್ಳಿ ಎದ್ದ. "ನಾಟಕ ಸಾಕು ಅಣ್ಣ. ನಾನು ಬೈದದ್ದನ್ನ ರೆಕಾರ್ಡ್ ಮಾಡಿ ಇಟ್ಕೊಂಡಿದೀಯ. ಅದು ನನ್ನ ಕಣ್ಣೆದುರೇ ಹೋಗ್ಬೇಕು. ಇಲ್ಲಾಂದ್ರೆ ಆಸ್ತಿ ಕೇಸು ವಾಪಸ್ ತಗೊಳಲ್ಲ."

"ನಾನೆಂತ ಮಾಡ್ಲಿ ಮಾರಾಯ, ಮಿಷನ್ನೇ ಕೇಳ್ತಿಲ್ಲ," ಎಂದ ಪುರೋಹಿತ ವಿದ್ಯಾಶಂಕರ.

ಕೊಪ್ಪದ ಆ ಕಂಪ್ಯೂಟರ್ ಅಂಗಡಿಯ ನಯಾಜ್ ಪರದೆ ನೋಡಿ ನಕ್ಕ. "ಭಟ್ರೇ, ಫೋಲ್ಡರ್ ಒಳಗೆ ಫೋಲ್ಡರ್ ಮಾಡಿ, ಒಂದೊಂದಕ್ಕೂ ಮಾರುದ್ದ ಹೆಸರಿಟ್ಟಿದೀರಿ. ಇಷ್ಟುದ್ದ ಆದ್ರೆ ಇದು ಅಳ್ಸಲ್ಲ. ನೀವು ಓದ್ತಾ ಹೋಗಿ, ನಾನು ಗಿಡ್ಡ ಮಾಡ್ತೀನಿ."

ದಿನಾಂಕದ ಬದಲು ವಿದ್ಯಾಶಂಕರ ಪೂಜೆಯ ಸಂಕಲ್ಪದ ಕ್ರಮದಲ್ಲೇ ಹೆಸರಿಟ್ಟಿದ್ದ. ಓದಲು ಹೊರಟರೆ ರಾಗವೂ ಜೊತೆಗೇ ಬಂತು. "ವಿಶ್ವಾವಸು ನಾಮ ಸಂವತ್ಸರೇ, ದಕ್ಷಿಣಾಯನೇ, ಹೇಮಂತ ಋತೌ..." ನಯಾಜ್ ಒಂದೊಂದನ್ನೂ ಒಂದೇ ಅಕ್ಷರಕ್ಕೆ ಇಳಿಸುತ್ತ ಬಂದ. "ಮಾರ್ಗಶಿರ ಮಾಸೇ," ಎನ್ನುವಾಗ ಶಿವಕಿರಣನ ದನಿಯೂ ತಾನಾಗಿ ಸೇರಿಕೊಂಡಿತು. "ಕೃಷ್ಣಪಕ್ಷೇ, ಪಂಚಮ್ಯಾಂ ತಿಥೌ..." ಇಬ್ಬರೂ ಅಲ್ಲಿಗೇ ನಿಂತರು. ಅದು ಅಪ್ಪನ ಶ್ರಾದ್ಧದ ತಿಥಿ. ಕಳೆದ ವರ್ಷ ಅವರಿಬ್ಬರೂ ಜಗಳವಾಡಿದ್ದು ಅದೇ ದಿನ.

"ನಮ್ಮ ಗಲಾಟೆಗೆ ಎಲೆ ಮುಂದೆ ಕೂತ ಬ್ರಾಹ್ಮಣರು ಉಣ್ಣದೇ ಎದ್ದು ಹೋದ್ರು," ಎಂದ ವಿದ್ಯಾಶಂಕರ, ಮೆಲ್ಲಗೆ.

"ಈಗ ಅಳ್ಸಿ, ಹೋಗತ್ತೆ," ಎಂದ ನಯಾಜ್.

ವಿದ್ಯಾಶಂಕರ ಮೌಸನ್ನು ತಮ್ಮನ ಕಡೆಗೆ ಸರಿಸಿದ. ಶಿವಕಿರಣ ಕುರ್ಚಿ ಎಳೆದುಕೊಂಡು ಅಣ್ಣನ ಪಕ್ಕ ಕೂತ. ಮೌಸಿನ ಮೇಲೆ ಕೈಯಿಟ್ಟ.

"ಈ ವರ್ಷ ಶ್ರಾದ್ಧಕ್ಕೆ ನಾನು ಹಿಂದಿನ ದಿನವೇ ಬತ್ತೆ," ಎಂದು ಹೇಳಿ, ಒತ್ತಿದ.